ಫ್ರೀ ಪ್ಯಾಟರ್ನ್‌ಗಳು ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಿವೆಯಾ?

ನೂಲೆಳೆ (ಚರ್ಚೆ ಶುರು ಮಾಡಿದವರು)

ಹನ್ನೊಂದು ವರ್ಷದಿಂದ ಕ್ರೋಶೆ (ಕೊಕ್ಕೆಸೂಜಿಯಿಂದ ದಾರದ ಕುಣಿಕೆ ಹಾಕುವ ಕೆಲಸ) ಪ್ಯಾಟರ್ನ್, ಅಂದರೆ ಹಂತಹಂತವಾಗಿ ಮಾಡುವ ಕ್ರಮದ ಬರಹ, ಬರೆದು ಮಾರಿಯೇ ಬದುಕುತ್ತಿದ್ದೇನೆ. ಬಿಡುವಿನ ಹವ್ಯಾಸವಲ್ಲ, ಮನೆ ಬಾಡಿಗೆ ಇದರಿಂದಲೇ ಹೋಗಬೇಕು. ಮೊನ್ನೆ ಒಬ್ಬರು ಸಂದೇಶ ಕಳಿಸಿದ್ದರು: “ಇಂಥದ್ದೇ ಸ್ವೆಟರ್ ಫ್ರೀಯಾಗಿ ಸಿಗುತ್ತಲ್ಲ, ನೀವ್ಯಾಕೆ ದುಡ್ಡು ಕೇಳ್ತೀರ?” ಕೆಣಕುವ ದನಿ ಇರಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಎರಡು ದಿನ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ.

ಒಂದು ಸ್ವೆಟರ್ ಪ್ಯಾಟರ್ನ್ ಹೇಗೆ ಹುಟ್ಟುತ್ತದೆ ಅಂತ ಹೇಳುತ್ತೇನೆ. ಮೊದಲು ದಾರ ತಂದು ಸ್ಯಾಂಪಲ್ ತುಂಡು ಹಾಕಬೇಕು. ಅದನ್ನು ತೊಳೆದು, ಒಣಗಿಸಿ, ಆಮೇಲೆ ಅಳೆಯಬೇಕು. 10 ಸೆಂ.ಮೀ.ಗೆ 16 ಸ್ಟಿಚ್ ಬಂದರೆ 100 ಸೆಂ.ಮೀ. ಎದೆಸುತ್ತಿಗೆ 160 ಸ್ಟಿಚ್ ಬೇಕು. ಮಾಡುವವರ ಕೈ ಸ್ವಲ್ಪ ಬಿಗಿಯಾಗಿ 18 ಬಂತು ಅನ್ನಿ, ಅದೇ 160 ಸ್ಟಿಚ್‌ಗೆ 89 ಸೆಂ.ಮೀ. ಸಿಗುತ್ತದೆ ಅಷ್ಟೆ. ಹನ್ನೊಂದು ಸೆಂಟಿಮೀಟರ್ ಕಡಿಮೆ, ಮೈಗೇ ಹತ್ತುವುದಿಲ್ಲ. ಇದನ್ನೆಲ್ಲ ಮೊದಲೇ ಯೋಚಿಸಿ ಬರೆಯಬೇಕು. ಒಂಬತ್ತು ಅಳತೆಗೆ ಲೆಕ್ಕ ಹಾಕಬೇಕು, ಚಾರ್ಟ್ ಬಿಡಿಸಬೇಕು, ತಿದ್ದುವವರಿಗೆ ಕೊಡಬೇಕು, ಟೆಸ್ಟರ್‌ಗಳು ಹಾಕಿ ನೋಡುವವರೆಗೆ ಕಾಯಬೇಕು, ಅವರು ಕಂಡುಹಿಡಿದ ತಪ್ಪು ಸರಿ ಮಾಡಬೇಕು, ಫೋಟೋ ತೆಗೆಯಬೇಕು. ಮೂರ್ನಾಲ್ಕು ತಿಂಗಳ ಕೆಲಸ. ಕೊನೆಗೆ ಕೈಯಲ್ಲಿ ಉಳಿಯುವುದು ಆರೇಳು ಪುಟದ ಒಂದು ಪಿಡಿಎಫ್. ನೋಡುವವರಿಗೆ ಆರೇಳು ಪುಟ ಮಾತ್ರ ಕಾಣುತ್ತದೆ.

ನನ್ನದೇ ಹದಿನಾಲ್ಕು ಪ್ಯಾಟರ್ನ್ ಫ್ರೀಯಾಗಿ ಬಿಟ್ಟಿದ್ದೇನೆ. ಶುರುವಿನಲ್ಲಿ ಜನ ಗುರುತಿಸಲಿ ಅಂತ ಬಿಟ್ಟಿದ್ದು, ಗುರುತಿಸಿದರೂ ನಿಜ. ಆದರೆ ಈಗ ನನ್ನ ಪುಟಕ್ಕೆ ಬರುವವರಲ್ಲಿ ಬಹಳಷ್ಟು ಜನ ಆ ಹದಿನಾಲ್ಕನ್ನು ಮಾತ್ರ ಇಳಿಸಿಕೊಂಡು ಹೋಗುತ್ತಾರೆ. ಅವನ್ನು ತೆಗೆದುಬಿಡಲೇ ಎಂಬ ಯೋಚನೆ ಬಂದಿದೆ. ತೆಗೆದರೆ ಹೊಸಬರಿಗೆ ಅನ್ಯಾಯವಾಗುತ್ತದಾ? ಇಟ್ಟರೆ ನನ್ನಂಥ ಬೇರೆಯವರಿಗೆ ಅನ್ಯಾಯವಾಗುತ್ತದಾ? ಕೈಕೆಲಸದಿಂದ ಬದುಕುವವರು, ಬರೀ ಖುಷಿಗೆ ಮಾಡುವವರು, ಇಬ್ಬರೂ ಮನಸ್ಸು ಬಿಚ್ಚಿ ಹೇಳಿ.

ಬಿಡುವಿನಹೆಣಿಗೆ

ಶೀರ್ಷಿಕೆ ಓದಿದಾಗಲೇ ನನಗೆ ಚುಚ್ಚಿತು. ಹೊಟ್ಟೆ ಮೇಲೆ ಹೊಡೆಯೋದು ಅಂದರೆ ಹೊಡೆಯುವವರು ಯಾರು? ನನ್ನಂಥವರು ತಾನೇ?

ನನ್ನ ಕೆಲಸ ಬೇರೆ, ಸಂಬಳ ಬರುತ್ತೆ. ರಾತ್ರಿ ಊಟ ಆದಮೇಲೆ ಎರಡು ಸಾಲು ಹಾಕ್ತೀನಿ, ಏನಾದ್ರೂ ಚೆನ್ನಾಗಿ ಬಂದ್ರೆ ಬರೆದು ಹಂಚ್ತೀನಿ. ನನ್ನ ಅಜ್ಜಿ ನನ್ನನ್ನ ತೊಡೆ ಮೇಲೆ ಕೂರಿಸಿಕೊಂಡು ಕಲಿಸಿದ್ದು. ಅವರಿಗೆ ಅವರ ಅತ್ತೆ ಕಲಿಸಿದ್ದು. ಯಾರೂ ಯಾರಿಗೂ ದುಡ್ಡು ಕೊಟ್ಟಿಲ್ಲ. ಹಾಗೆ ಬಂದ ವಿದ್ಯೆಗೆ ನಾನು ಬೆಲೆ ಕಟ್ಟಬೇಕು ಅಂದ್ರೆ ನನ್ನ ಕೈಲಾಗಲ್ಲ. ಬೇರೆಯವರು ಮಾರೋದು ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಹಂಚೋದು ತಪ್ಪು ಅಂತ ಯಾರಾದ್ರೂ ಹೇಳಿದ್ರೆ ಒಪ್ಪೋಕೆ ಆಗಲ್ಲ.

ನೂಲೆಳೆ

ಅಕ್ಕ, ಶೀರ್ಷಿಕೆ ಬರೆಯುವಾಗ ನೀವು ಕಣ್ಣಮುಂದೆ ಇರಲಿಲ್ಲ. ಬೇಜಾರಾಗಿದ್ದರೆ ಕ್ಷಮಿಸಿ. ನಿಮ್ಮ ಟೋಪಿ ಪ್ಯಾಟರ್ನ್ ನಾನೂ ಮಾಡಿದ್ದೇನೆ, ಈಗಲೂ ಹಾಕಿಕೊಳ್ಳುತ್ತೇನೆ.

ತಿದ್ದುಗಣ್ಣು

ನಾನು ಪ್ಯಾಟರ್ನ್ ತಿದ್ದುವವಳು. ವಿನ್ಯಾಸ ಮಾಡುವುದಿಲ್ಲ, ಮಾರುವುದಿಲ್ಲ. ಬೇರೆಯವರು ಬರೆದದ್ದನ್ನು ಸಾಲು ಸಾಲಾಗಿ ಲೆಕ್ಕ ಹಾಕಿ, ಕೂಡುತ್ತದೋ ಇಲ್ಲವೋ ನೋಡುತ್ತೇನೆ. ಈ ಚರ್ಚೆಯಲ್ಲಿ ನಮ್ಮ ಹೆಸರು ಯಾರೂ ಎತ್ತುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಒಂದು ಅಳತೆಯಿಂದ ಇನ್ನೊಂದು ಅಳತೆಗೆ ಹೋಗುವುದನ್ನು ಗುಣಾಕಾರ ಅಂತ ಜನ ತಿಳಿದುಕೊಂಡಿದ್ದಾರೆ. ಮೈ ಹಾಗೆ ಬೆಳೆಯುವುದಿಲ್ಲ. ಎದೆಸುತ್ತು 76 ಸೆಂ.ಮೀ.ನಿಂದ 152ಕ್ಕೆ ಏರಿದರೆ ಎರಡು ಪಟ್ಟು. ಆದರೆ ಬೆನ್ನಿನ ಅಗಲ, ಒಂದು ಭುಜದಿಂದ ಇನ್ನೊಂದು ಭುಜಕ್ಕೆ, ಹೆಚ್ಚುವುದು ಸುಮಾರು ಮೂರನೇ ಒಂದು ಭಾಗ ಮಾತ್ರ. ಎಲ್ಲವನ್ನೂ ಎರಡರಿಂದ ಗುಣಿಸಿದರೆ ದೊಡ್ಡ ಮೈಯವರ ಸ್ವೆಟರ್‌ನ ಭುಜ ಮೊಣಕೈ ಹತ್ತಿರ ಬಂದು ಬೀಳುತ್ತದೆ. ಕತ್ತಿನ ಅಗಲವೂ ಅಷ್ಟೆ, ತೋಳಿನ ಉದ್ದವಂತೂ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಕಂಕುಳ ಆಳಕ್ಕೆ ಬೇರೆ ಲೆಕ್ಕ. ಒಂಬತ್ತು ಅಳತೆ ಅಂದರೆ ಒಂಬತ್ತು ಮೈಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುವುದು.

ಫ್ರೀ ಪ್ಯಾಟರ್ನ್‌ಗಳಲ್ಲಿ ಬಹುಪಾಲು ಟೋಪಿ, ಶಾಲು, ಬೊಂಬೆ, ಚೀಲ. ಯಾಕೆ ಅಂತ ಯೋಚಿಸಿದ್ದೀರಾ? ಅಳತೆಯ ಕಾಟ ಇಲ್ಲ. ಸ್ವೆಟರ್ ಫ್ರೀಯಾಗಿ ಸಿಕ್ಕರೂ ಎಷ್ಟೋ ಸಲ ಮೂರ್ನಾಲ್ಕು ಅಳತೆಗೆ ನಿಂತುಬಿಡುತ್ತದೆ, ಹೆಚ್ಚಾಗಿ ತೆಳ್ಳಗಿನ ಮೈಯವರದ್ದೇ. ಹಾಗಾಗಿ ದುಡ್ಡು ಕೊಡುವ ಪ್ಯಾಟರ್ನ್ ಇಲ್ಲವಾದರೆ ಮೊದಲು ಕಳೆದುಕೊಳ್ಳುವವರು ದೊಡ್ಡ ಮೈಯವರು. ನಾನೂ ಅವರಲ್ಲಿ ಒಬ್ಬಳು.

ಇನ್ನು ಕೂಲಿಯ ಮಾತು. ಫ್ರೀಯಾಗಿ ಬರುವ ಪ್ಯಾಟರ್ನ್ ನನ್ನ ಮೇಜಿಗೆ ಬರುವುದೇ ಅಪರೂಪ, ತಿದ್ದಲು ದುಡ್ಡಿರುವುದಿಲ್ಲ. ಬಂದರೆ ಹಿಂದೆ ಯಾವುದೋ ದಾರದ ಕಂಪನಿ ಇರುತ್ತದೆ, ಅವರೇ ನನಗೆ ಹಣ ಕೊಡುತ್ತಾರೆ. ಅದು ಫ್ರೀ ಅಲ್ಲ, ಅದರ ಬೆಲೆ ದಾರದ ಉಂಡೆಯೊಳಗೆ ಸೇರಿಕೊಂಡಿದೆ.

ತಿಗರಿಮಣ್ಣು

ಬೇರೆ ಕಸುಬಿನಿಂದ ಒಂದು ಮಾತು. ನಾನು ಮಣ್ಣಿನ ಕೆಲಸ ಮಾಡುವವನು. ನನಗೆ ಫ್ರೀ ಕೊಡುವುದರಿಂದ ಒಳ್ಳೆಯದೇ ಆಗಿದೆ.

ಆರು ವರ್ಷದಿಂದ ವಿಡಿಯೋ ಹಾಕುತ್ತಿದ್ದೇನೆ. ಮಣ್ಣು ಹದ ಮಾಡುವುದು, ತಿಗರಿಯ ನಡುವಿಗೆ ಮಣ್ಣು ಕೂರಿಸುವುದು, ಗೋಡೆ ಎಬ್ಬಿಸುವುದು, ಹಿಡಿ ಅಂಟಿಸುವುದು, ಯಾವುದನ್ನೂ ಮುಚ್ಚಿಟ್ಟಿಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ 1,000 ಚಂದಾದಾರರು ಇರಬೇಕು, ಹನ್ನೆರಡು ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. ನನಗೆ ಅಲ್ಲಿಗೆ ಮುಟ್ಟಲು ಎರಡು ವರ್ಷ ಹಿಡಿಯಿತು. ಮುಟ್ಟಿದ ಮೇಲೆ ಜಾಹೀರಾತಿನ ಹಣದಲ್ಲಿ 55% ನಮಗೆ, ಮಿಕ್ಕಿದ್ದು ಅವರಿಗೆ. ನನಗೆ ತಿಂಗಳಿಗೆ ಬರುವುದು ಮಡಕೆ ಸುಡುವ ಗೂಡಿನ ಕರೆಂಟಿಗೂ ಸಾಲುವುದಿಲ್ಲ. ಆದರೆ ಆ ವಿಡಿಯೋ ನೋಡಿದವರು ತರಗತಿಗೆ ಬರುತ್ತಾರೆ. ಇವತ್ತು ನನ್ನ ಮನೆ ನಡೆಯುವುದು ತರಗತಿಯಿಂದ.

ಮಣ್ಣು ನಡುವಿಗೆ ಬಂತೋ ಇಲ್ಲವೋ ಅನ್ನುವುದು ಅಂಗೈಗೆ ಗೊತ್ತಾಗಬೇಕು, ಕಣ್ಣಿಗೆ ಗೊತ್ತಾಗುವುದಿಲ್ಲ. ನೂರು ಸಲ ನೋಡಿದರೂ ಮೊದಲ ದಿನ ಮಣ್ಣು ಹಾರಿಹೋಗುತ್ತದೆ. ಆಮೇಲೆ ಪಕ್ಕದಲ್ಲಿ ಕೂತು ಅವರ ಕೈ ಮೇಲೆ ಕೈ ಇಟ್ಟು ತೋರಿಸುವವರೊಬ್ಬರು ಬೇಕಾಗುತ್ತಾರೆ. ಅದಕ್ಕೇ ಹೇಳುತ್ತೇನೆ ನೂಲೆಳೆ ಮೇಡಂ, ತೆಗೆಯಬೇಡಿ. ಫ್ರೀ ಅನ್ನುವುದು ಬಾಗಿಲು. ಬಾಗಿಲು ಮುಚ್ಚಿದರೆ ಒಳಗೆ ಬರುವವರು ಯಾರು?

ನೂಲೆಳೆ

ಸರ್, ನಿಮ್ಮ ಮಾತು ನಿಮ್ಮ ಕಸುಬಿಗೆ ಪೂರ್ತಿ ಸರಿ. ವಿಡಿಯೋ ನೋಡಿದವರಿಗೆ ಮಡಕೆ ಸಿಗುವುದಿಲ್ಲ, ತಿಗರಿ ಸಿಗುವುದಿಲ್ಲ, ಗೂಡು ಸಿಗುವುದಿಲ್ಲ. ನೀವು ಕೊಟ್ಟದ್ದು ಒಂದು, ಮಾರುವುದು ಇನ್ನೊಂದು. ನಾನು ಮಾರುವುದೇ ಆ ಬರಹವನ್ನು. ಅದನ್ನು ಫ್ರೀ ಕೊಟ್ಟರೆ ನನ್ನ ಹತ್ತಿರ ಮಾರಲು ಬೇರೇನೂ ಉಳಿಯುವುದಿಲ್ಲ. ನಿಮ್ಮ ಬಾಗಿಲಿನ ಒಳಗೆ ಒಂದು ಮನೆ ಇದೆ. ನನ್ನದು ಬಾಗಿಲೇ ಮನೆ.

ತಿಗರಿಮಣ್ಣು

ಇದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಹಳೆಕಾಗದ

ಪುಸ್ತಕ ಕಟ್ಟುವುದು ನನ್ನ ಕಸುಬು. ಹಳೆಯ ಕಸುಬುಗಳ ಚರಿತ್ರೆ ಓದುವ ಚಟವೂ ಇದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕಸುಬಿನ ವಿದ್ಯೆ ಯಾವತ್ತೂ ಹೀಗೆ ಬಯಲಲ್ಲಿ ಬಿದ್ದಿರಲಿಲ್ಲ. 1291ರಲ್ಲಿ ವೆನಿಸ್ ನಗರ ತನ್ನ ಗಾಜಿನ ಕುಲುಮೆಗಳನ್ನೆಲ್ಲ ಮುರಾನೋ ದ್ವೀಪಕ್ಕೆ ಸಾಗಿಸಿತು. ಬೆಂಕಿಯ ಭಯ ಒಂದು ಕಾರಣ. ಆದರೆ ಮುಂದೆ ಅಲ್ಲಿಯ ಕುಶಲಕರ್ಮಿಗಳು ಗುಟ್ಟು ಹೊತ್ತು ಹೊರಗೆ ಹೋಗದಂತೆ ಕಾನೂನುಗಳೂ ಬಂದವು. ವಿದ್ಯೆ ಅಂದರೆ ಅನ್ನ, ಅನ್ನ ಅಂದರೆ ಗುಟ್ಟು, ಹಾಗಿತ್ತು. ಆಮೇಲೆ 1751ರಿಂದ ಫ್ರಾನ್ಸಿನಲ್ಲಿ ದಿದೆರೋ ಸಂಪಾದಿಸಿದ ವಿಶ್ವಕೋಶ ಬಂತು. ಅದರಲ್ಲಿ ಚಿತ್ರಗಳಿಗೇ ಹನ್ನೊಂದು ಸಂಪುಟ. ನನ್ನ ಕಸುಬಿನವರು ಕಾಗದ ಬಡಿಯುವುದು, ಹೊಲಿಯುವುದು, ಅಂಚು ಕತ್ತರಿಸುವುದು ಕೂಡ ಅಲ್ಲಿ ಬಿಡಿಸಿಟ್ಟಿದೆ. ಚಿತ್ರ ಬಂತು ಅಂತ ಪುಸ್ತಕ ಕಟ್ಟುವವರು ಮುಳುಗಲಿಲ್ಲ. ತಿಗರಿಮಣ್ಣು ಅವರು ಹೇಳಿದ್ದೇ ಕಾರಣ, ನೋಡಿದ್ದು ಕೈಗೆ ಬರಲು ವರ್ಷಗಳು ಬೇಕು.

ಆದರೆ ನೂಲೆಳೆ ಅವರ ಪ್ರಶ್ನೆಗೆ ಹತ್ತಿರದ ಕಥೆ ಬೇರೆ ಇದೆ. 19ನೇ ಶತಮಾನದ ಹೆಂಗಸರ ಪತ್ರಿಕೆಗಳಲ್ಲಿ ಬಟ್ಟೆಯ ನಮೂನೆಗಳು ಪತ್ರಿಕೆಯ ಜೊತೆಗೇ ಬರುತ್ತಿದ್ದವು. ಬೇರೆ ದುಡ್ಡಿಲ್ಲ. ಅಂದರೆ ಫ್ರೀ ಪ್ಯಾಟರ್ನ್ ಇವತ್ತಿನದ್ದಲ್ಲ. ಆದರೆ ಬಂದದ್ದು ಒಂದೇ ಅಳತೆಯಲ್ಲಿ, ಮನೆಯಲ್ಲಿ ಕೂತು ತಮ್ಮ ಮೈಗೆ ತಾವೇ ಹಿಗ್ಗಿಸಿಕೊಳ್ಳಬೇಕು. 1863ರಲ್ಲಿ ಅಮೆರಿಕದ ದರ್ಜಿ ಎಬೆನೆಜರ್ ಬಟರಿಕ್ ಬೇರೆ ಬೇರೆ ಅಳತೆಗೆ ಕತ್ತರಿಸಿದ ಕಾಗದದ ನಮೂನೆ ಮಾರಲು ಶುರು ಮಾಡಿದ. ಫ್ರೀ ಸಿಗುತ್ತಿದ್ದ ಕಾಲದಲ್ಲೇ ಜನ ಮುಗಿಬಿದ್ದು ಕೊಂಡರು. ಜನ ದುಡ್ಡು ಕೊಟ್ಟದ್ದು ಅಳತೆಗೆ. ತಿದ್ದುಗಣ್ಣು ಅವರು ಮೇಲೆ ಬರೆದದ್ದನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ದಾರದ ಕಂಪನಿಯ ವಿಷಯವೂ ಹಾಗೆಯೇ. 1886ರಲ್ಲಿ ತೆರೇಸ್ ದ ದಿಲ್ಮಾಂ ಎಂಬಾಕೆ ಸೂಜಿ ಕೆಲಸದ ದೊಡ್ಡ ಕೈಪಿಡಿ ಹೊರತಂದಳು. ಆಕೆಯ ಬೆನ್ನಿಗೆ ನಿಂತದ್ದು ಡಿಎಂಸಿ ಎಂಬ ದಾರದ ಕಂಪನಿ. ಪುಸ್ತಕ ಹಲವು ಭಾಷೆಗೆ ಹೋಯಿತು, ಹೋದಲ್ಲೆಲ್ಲ ದಾರವೂ ಹೋಯಿತು. ಕಲಿಸುವುದಕ್ಕೆ ತಗಲುವ ಖರ್ಚನ್ನು ದಾರ ಹೊತ್ತುಕೊಂಡಿತು. ಕೈಯಲ್ಲಿ ದಾರದ ಕಾರ್ಖಾನೆ ಇಲ್ಲದ ಒಬ್ಬಂಟಿ ವಿನ್ಯಾಸಗಾರರಿಗೆ ಅದು ಸಾಧ್ಯವಿಲ್ಲ. ಇಬ್ಬರ ಪ್ಯಾಟರ್ನೂ ಪಕ್ಕಪಕ್ಕದಲ್ಲಿ ಕಾಣುತ್ತದೆ, ಒಂದರ ಮೇಲೆ ಫ್ರೀ ಅಂತ ಬರೆದಿರುತ್ತದೆ. ಹೋಲಿಕೆ ಶುರುವಾಗುವುದು ಅಲ್ಲಿ, ಅದು ನ್ಯಾಯವಾದ ಹೋಲಿಕೆ ಅಲ್ಲ.

ಉಳಿಬಾಚಿ

ಮರಗೆಲಸ. ನನ್ನ ತೊಂದರೆ ಪ್ಯಾಟರ್ನ್‌ದಲ್ಲ, ಟೈಮಿಂದು.

ಗಿರಾಕಿ ಬರ್ತಾರೆ, ಫೋನ್ ತೆಗೀತಾರೆ, ವಿಡಿಯೋ ತೋರಿಸ್ತಾರೆ. “ನೋಡಿ, ಹತ್ತು ನಿಮಿಷದಲ್ಲಿ ಮುಗಿಸಿಬಿಟ್ರು, ನೀವು ಎರಡು ವಾರ ಅಂತೀರಲ್ಲ.” ಆ ಹತ್ತು ನಿಮಿಷದಲ್ಲಿ ಮರ ಒಣಗೋದು ಕಾಣಲ್ಲ. ಅಂಟು ಹಿಡಿಯೋಕೆ ಕ್ಲಾಂಪ್ ಹಾಕಿ ರಾತ್ರಿಯೆಲ್ಲ ಬಿಡೋದು ಕಾಣಲ್ಲ. ಉಳಿ ಮಸೆಯೋದು, ಗಂಟು ಬಂದಲ್ಲಿ ಎಳೆ ಸೀಳಿ ಹಲಗೆಯೇ ಎಸೆಯೋದು, ಪಾಲಿಷ್ ಒಂದು ಕೋಟ್ ಒಣಗಿ ಇನ್ನೊಂದು ಕೋಟ್ ಹೊಡೆಯೋದು, ಏನೂ ಕಾಣಲ್ಲ. ಎಲ್ಲ ಕತ್ತರಿಸಿ ತೆಗೆದಿರ್ತಾರೆ. ವಿಡಿಯೋ ಮಾಡಿದವರನ್ನ ಬೈಯಲ್ಲ, ನಾನೂ ಅವರಿಂದ ಕಲಿತಿದ್ದೀನಿ, ಜಾಯಿಂಟ್ ಹಾಕೋ ಎಷ್ಟೋ ಉಪಾಯ ಅಲ್ಲಿಂದಲೇ ಬಂದಿದ್ದು. ಆದ್ರೆ ಆ ಹತ್ತು ನಿಮಿಷ ನನ್ನ ಕೂಲಿ ಚೌಕಾಸಿಗೆ ಬಂದು ಕೂತುಬಿಟ್ಟಿದೆ.

ಈಗ ನಾನು ಮಾಡೋದಿಷ್ಟೇ. ಕೆಲಸ ಶುರುವಾದ ದಿನದಿಂದ ದಿನಕ್ಕೊಂದು ಫೋಟೋ ಗಿರಾಕಿಗೆ ಕಳಿಸ್ತೀನಿ. ಏನೂ ಆಗದೆ ಅಂಟು ಒಣಗ್ತಿರೋ ದಿನದ್ದೂ ಸೇರಿಸಿ. ಆಮೇಲೆ ಚೌಕಾಸಿ ಕಮ್ಮಿ ಆಗಿದೆ.

ಹೊಸಕೈ

ನಾನು ಕಲಿತು ಒಂದೂವರೆ ವರ್ಷ ಅಷ್ಟೆ. ಮಾತಾಡಲು ಹಿಂಜರಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಕೆಲಸ ಹೋಗಿದ್ದ ಹೊತ್ತಿನಲ್ಲಿ ಕ್ರೋಶೆ ಕೈಗೆತ್ತಿಕೊಂಡೆ. ದುಡ್ಡು ಕೊಟ್ಟು ಪ್ಯಾಟರ್ನ್ ಕೊಳ್ಳುವ ಸ್ಥಿತಿ ಇರಲಿಲ್ಲ. ಬಿಡುವಿನಹೆಣಿಗೆ ಅಕ್ಕನ ಟೋಪಿಯೇ ನನ್ನ ಮೊದಲ ಟೋಪಿ. ಅದಿಲ್ಲದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ, ಇದು ನಿಜ.

ಕೈಯಲ್ಲಿ ಸ್ವಲ್ಪ ಹಣ ಬಂದ ಮೇಲೆ ಮೊದಲ ಸಲ ದುಡ್ಡು ಕೊಟ್ಟು ಒಂದು ಬೊಂಬೆ ಪ್ಯಾಟರ್ನ್ ಕೊಂಡೆ. ಚಿತ್ರದಲ್ಲಿ ತುಂಬ ಮುದ್ದಾಗಿತ್ತು. ಮೊದಲ ಸುತ್ತು 6, ಆಮೇಲೆ 12, 18, 24. ಅಲ್ಲಿವರೆಗೆ ಸರಿ. ಐದನೇ ಸುತ್ತಿಗೆ 27 ಅಂತ ಬರೆದಿತ್ತು. ಎಷ್ಟು ಸಲ ಎಣಿಸಿದರೂ ನನಗೆ 30 ಬರುತ್ತಿತ್ತು. ಬಿಚ್ಚಿದೆ, ಹಾಕಿದೆ, ಬಿಚ್ಚಿದೆ. ಮೂರು ರಾತ್ರಿ. ನನ್ನ ಕೈಯೇ ಸರಿಯಿಲ್ಲ ಅಂತ ಅತ್ತೂಬಿಟ್ಟೆ. ಕೊನೆಗೆ ಇಲ್ಲಿ ಕೇಳಿದಾಗ ತಿದ್ದುಗಣ್ಣು ಅಕ್ಕ ಹೇಳಿದರು, ಅದು ಮನುಷ್ಯರು ಮಾಡಿದ ಬೊಂಬೆಯೇ ಅಲ್ಲ, ಚಿತ್ರವೂ ಎಐ, ಬರಹವೂ ಎಐ ಅಂತ.

ತಿದ್ದುಗಣ್ಣು

ಆ ಪಿಡಿಎಫ್ ನನಗೆ ಚೆನ್ನಾಗಿ ನೆನಪಿದೆ. ಬೇರೆಯವರಿಗೂ ಉಪಯೋಗವಾಗಲಿ ಅಂತ ವಿವರಿಸುತ್ತೇನೆ. ಸಿಂಗಲ್ ಕ್ರೋಶೆ ಎಂಬ ಸರಳ, ಗಿಡ್ಡ ಸ್ಟಿಚ್‌ನಲ್ಲಿ ಚಪ್ಪಟೆ ವೃತ್ತ ಬರಬೇಕಾದರೆ ಸುತ್ತಿಗೆ ಆರು ಸ್ಟಿಚ್ ಹೆಚ್ಚಬೇಕು: 6, 12, 18, 24, 30, 36. ಆರಕ್ಕಿಂತ ಕಡಿಮೆ ಹೆಚ್ಚಿಸಿದರೆ ಬಟ್ಟಲಿನ ಹಾಗೆ ಮೇಲೇಳುತ್ತದೆ, ಜಾಸ್ತಿ ಹೆಚ್ಚಿಸಿದರೆ ಅಂಚು ಅಲೆಅಲೆಯಾಗುತ್ತದೆ. “ಮೂರು ಸ್ಟಿಚ್, ಒಂದು ಹೆಚ್ಚಳ, ಹೀಗೆ ಆರು ಸಲ” ಅಂತ ಬರೆದು ಪಕ್ಕದಲ್ಲಿ 27 ಅಂತ ಹಾಕಿದ್ದರೆ, ಬರೆದವರು ಅದನ್ನು ಹಾಕಿಯೇ ನೋಡಿಲ್ಲ. ಹೊಸಕೈ ಅವರ 30 ಸರಿಯಿತ್ತು. ಅವರ ಕೈ ಸರಿಯಿತ್ತು.

ಎಐ ಬರಹದ ಇನ್ನೊಂದು ಗುರುತು: ಬ್ರಿಟಿಷ್ ಹೆಸರೂ ಅಮೆರಿಕನ್ ಹೆಸರೂ ಒಂದೇ ಪುಟದಲ್ಲಿ ಬೆರೆತಿರುವುದು. ಬ್ರಿಟಿಷರು ಡಬಲ್ ಕ್ರೋಶೆ ಅನ್ನುವುದು ಅಮೆರಿಕನ್ನರ ಸಿಂಗಲ್ ಕ್ರೋಶೆ. ಮಾಡಿ ನೋಡಿದವರು ಇದನ್ನು ಬೆರೆಸುವುದು ಕಷ್ಟ.

ಇಲ್ಲಿ ನನಗೆ ಬಹಳ ನೋವಿನ ವಿಷಯ ಒಂದಿದೆ. ಈ ಎಐ ಯಂತ್ರಗಳು ಕಲಿತದ್ದು ನಾವು ಬಯಲಲ್ಲಿ ಇಟ್ಟದ್ದರಿಂದ. 2022ರಲ್ಲಿ ಲಾಯಾನ್-5ಬಿ ಎಂಬ ಒಂದು ಸಂಗ್ರಹ ಹೊರಬಂತು, ವೆಬ್‌ನಿಂದ ಗುಡಿಸಿದ ಸುಮಾರು 585 ಕೋಟಿ ಚಿತ್ರಗಳ ವಿಳಾಸ, ಒಂದೊಂದಕ್ಕೂ ಜೊತೆಯ ಬರಹ. ಚಿತ್ರ ಬಿಡಿಸುವ ಯಂತ್ರಗಳಿಗೆ ಇಂಥ ಸಂಗ್ರಹಗಳೇ ಮೇವು. ಮನುಷ್ಯರು ಮನುಷ್ಯರಿಗೆ ಅಂತ ಹಂಚಿಕೊಂಡದ್ದು ಅಲ್ಲಿಗೆ ಹೋಗುತ್ತದೆ ಅಂತ ಫೋಟೋ ಹಾಕುವಾಗ ಯಾರಿಗೂ ಗೊತ್ತಿರಲಿಲ್ಲ. “ಗುಡಿಸಬೇಡಿ” ಅಂತ ತಾಣಗಳು ಬಾಗಿಲಲ್ಲಿ ಇಡುವ ರೋಬಾಟ್ಸ್ ಚೀಟಿ 1994ರ ಪದ್ಧತಿ. ಅದು ಬರೀ ವಿನಂತಿ, ಬೀಗ ಅಲ್ಲ.

ಬಿಡುವಿನಹೆಣಿಗೆ

ಹೊಸಕೈ, ನೀನು ಅತ್ತಿದ್ದನ್ನ ಓದಿ ನನಗೂ ಕಣ್ಣು ತುಂಬಿತು. ಮುಂದೆ ಯಾವ ಪ್ಯಾಟರ್ನ್ ಆದ್ರೂ ಸಂಶಯ ಬಂದ್ರೆ ನನಗೆ ಕಳಿಸಮ್ಮ, ಇಬ್ಬರೂ ಎಣಿಸೋಣ.

ಗಂಟುದಾರ

ಮ್ಯಾಕ್ರಮೆ, ಅಂದರೆ ದಾರಕ್ಕೆ ಗಂಟು ಹಾಕಿ ಮಾಡುವ ಅಲಂಕಾರದ ಕೆಲಸ, ಮಾಡುತ್ತೇನೆ. ಫ್ರೀ ಅಂತ ಬಿಟ್ಟ ಮಾತ್ರಕ್ಕೆ “ಯಾರು ಏನು ಬೇಕಾದರೂ ಮಾಡಬಹುದು” ಅಂತ ಆಗುವುದಿಲ್ಲ ಎನ್ನುವುದು ನನಗೆ ಏಟು ತಿಂದ ಮೇಲೆ ಗೊತ್ತಾಯಿತು.

ಒಂದು ಗೋಡೆ ಅಲಂಕಾರದ ಪ್ಯಾಟರ್ನ್ ಫ್ರೀಯಾಗಿ ಹಾಕಿದ್ದೆ. ಆರು ತಿಂಗಳಾದ ಮೇಲೆ ಯಾರೋ ನನ್ನ ಫೋಟೋ, ನನ್ನ ವಾಕ್ಯ, ನನ್ನ ಬೆರಳೂ ಕಾಣುವ ಚಿತ್ರ, ಎಲ್ಲವನ್ನೂ ಎತ್ತಿ ತಮ್ಮ ಹೆಸರಿನಲ್ಲಿ ಮಾರುತ್ತಿದ್ದರು. ಕೇಳಿದರೆ “ಫ್ರೀ ಇತ್ತಲ್ಲ” ಅಂದರು. ಅಮೆರಿಕದ 1998ರ ಡಿಎಂಸಿಎ ಎಂಬ ಹಕ್ಕುಸ್ವಾಮ್ಯದ ಕಾಯ್ದೆ ಪ್ರಕಾರ ತಾಣಕ್ಕೆ ನೋಟಿಸ್ ಬರೆದು ತೆಗೆಸಿದೆ. ಎರಡು ವಾರ ಹಿಡಿಯಿತು. ತೆಗೆಸಿದ ಮೇಲೆ ಇನ್ನೊಂದು ಹೆಸರಿನಲ್ಲಿ ಬಂತು.

ಆಮೇಲೆ ಕೂತು ಓದಿಕೊಂಡೆ. ನಾವು ಬರೆದ ವಾಕ್ಯ, ಬಿಡಿಸಿದ ಚಾರ್ಟ್, ತೆಗೆದ ಫೋಟೋ, ಇವಕ್ಕೆ ಹುಟ್ಟಿದ ಕ್ಷಣದಿಂದಲೇ ಹಕ್ಕುಸ್ವಾಮ್ಯ (ಕಾಪಿರೈಟ್) ಇರುತ್ತದೆ, ಇದಕ್ಕೆಂದೇ ಇರುವ ಬರ್ನ್ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಎಲ್ಲಿಯೂ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ಗಂಟಿಗೆ ಹಕ್ಕು ಇಲ್ಲ. ಸ್ಟಿಚ್‌ಗೆ ಇಲ್ಲ. ವಿಧಾನ ಎಲ್ಲರದ್ದು. ಇದು ಸರಿಯಾದದ್ದೇ, ಇಲ್ಲದಿದ್ದರೆ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಕಲಿಸುವುದೂ ಕಷ್ಟವಾಗುತ್ತಿತ್ತು. ಪ್ಯಾಟರ್ನ್ ನೋಡಿ ಮಾಡಿದ ವಸ್ತುವನ್ನು ಮಾರಬಹುದೋ ಇಲ್ಲವೋ ಎಂಬಲ್ಲಿ ಮಾತ್ರ ಒಂದೊಂದು ದೇಶದ ಕಾನೂನು ಒಂದೊಂದು ಥರ.

ಫ್ರೀ ಕೊಡುವವರು ಷರತ್ತು ಬರೆದೇ ಕೊಡಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಇವೆ. ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ಬದಲಾಯಿಸಬಾರದು, ಯಾವುದು ಬೇಕೋ ಆರಿಸಿಕೊಳ್ಳಬಹುದು. ನೂಲೆಳೆ ಅವರಿಗೆ ಒಂದು ಎಚ್ಚರಿಕೆ: ಹಾಗೆ ಪರವಾನಗಿ ಕೊಟ್ಟದ್ದನ್ನು ಆಮೇಲೆ ವಾಪಸ್ ಪಡೆಯಲು ಆಗುವುದಿಲ್ಲ. ನಿಮ್ಮ ಪುಟದಿಂದ ತೆಗೆಯಬಹುದು, ಆದರೆ ಅಷ್ಟರಲ್ಲಿ ಪಡೆದವರ ಹಕ್ಕು ಹಾಗೇ ಉಳಿಯುತ್ತದೆ.

ನಿರ್ವಾಹಕರು

ಮಾರಾಟದ ಪ್ಯಾಟರ್ನ್ ಒಂದರ ಪಿಡಿಎಫ್ ಕೊಂಡಿಯನ್ನು ಇಲ್ಲಿ ಹಾಕಿದ್ದ ಪ್ರತಿಕ್ರಿಯೆಯನ್ನು ತೆಗೆದಿದ್ದೇವೆ. ಹಾಕಿದವರಿಗೆ ಪ್ರತ್ಯೇಕವಾಗಿ ಬರೆದಿದ್ದೇವೆ. ಚರ್ಚೆ ಮುಂದುವರಿಯಲಿ.

ಕೊಕ್ಕೆಸೂಜಿ

ನಾನು ಪ್ಯಾಟರ್ನ್ ಮಾರಲ್ಲ, ಮಾಡಿದ ಬೊಂಬೆ ಮಾರುತ್ತೇನೆ. ನನ್ನ ಅನುಭವ ಎರಡೂ ಕಡೆ ಇದೆ.

ಮೊದಮೊದಲು ಫ್ರೀ ಪ್ಯಾಟರ್ನ್ ನನಗೆ ವರವಾಗಿತ್ತು. ಮಾರಲು ಒಪ್ಪಿಗೆ ಇರುವಂಥದ್ದನ್ನೇ ಹುಡುಕಿ, ಬರೆದವರ ಹೆಸರು ಹಾಕಿ ಮಾಡುತ್ತಿದ್ದೆ. ಒಂದು ಮೊಲದ ಬೊಂಬೆ ಚೆನ್ನಾಗಿ ಹೋಗುತ್ತಿತ್ತು. ಆದರೆ ಅದೇ ಪ್ಯಾಟರ್ನ್ ಎಲ್ಲರಿಗೂ ಫ್ರೀ ತಾನೇ? ಎರಡು ವರ್ಷದಲ್ಲಿ ಎಲ್ಲಿ ನೋಡಿದರೂ ಅದೇ ಮೊಲ, ಅದೇ ಕಿವಿ, ಅದೇ ಬಣ್ಣ. ಖುಷಿಗೆ ಮಾಡಿದವರು ದಾರದ ಖರ್ಚು ಬಂದರೆ ಸಾಕು ಅಂತ ಕೊಟ್ಟುಬಿಡುತ್ತಾರೆ. ಒಂದು ಬೊಂಬೆಗೆ ನನ್ನದು ಏಳು ಗಂಟೆ. ಆ ಏಳು ಗಂಟೆಗೆ ಬೆಲೆ ಕೇಳಿದರೆ ನಾನೇ ದುರಾಸೆಯವಳ ಹಾಗೆ ಕಾಣುತ್ತೇನೆ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಡ್ಡಿಯ ಹೆಣಿಗೆಗೆ (ನಿಟ್ಟಿಂಗ್) ಯಂತ್ರ ಇದೆ. ಕ್ರೋಶೆಗೆ ಕಾರ್ಖಾನೆಯಲ್ಲಿ ಬಳಸುವಂಥ ಯಂತ್ರ ಇವತ್ತಿಗೂ ಇಲ್ಲ. ದೊಡ್ಡ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ನಿಜವಾದ ಕ್ರೋಶೆ ಬಟ್ಟೆಯನ್ನು ಯಾರೋ ಕೈಯಲ್ಲೇ ಹಾಕಿರುತ್ತಾರೆ. ಆ ಬೆಲೆಯಲ್ಲಿ ಅವರಿಗೆ ಎಷ್ಟು ಸಿಕ್ಕಿರಬಹುದು ಅಂತ ಯೋಚಿಸಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಮೇಲಿಂದ ಮಾರುವ ತಾಣಗಳ ಪಾಲೂ ಏರುತ್ತಲೇ ಇರುತ್ತದೆ. ಕೈಕೆಲಸದ ವಸ್ತು ಮಾರುವ ತಾಣ ಎಟ್ಸಿ 2022ರ ಏಪ್ರಿಲ್‌ನಲ್ಲಿ ಮಾರಾಟದ ಪಾಲನ್ನು 5%ರಿಂದ 6.5%ಗೆ ಏರಿಸಿದಾಗ ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಪ್ರತಿಭಟನೆ ಮಾಡಿದ್ದರು.

ನಾನು ಈಗ ಮಾಡುತ್ತಿರುವುದು: ನೂಲೆಳೆ ಅಕ್ಕನಂಥವರಿಂದ ಪ್ಯಾಟರ್ನ್ ಕೊಂಡು, ವಸ್ತು ಮಾರಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆದು, ಕಡಿಮೆ ಜನ ಮಾಡುವ ಬೊಂಬೆ ಮಾಡುತ್ತೇನೆ. ಪ್ಯಾಟರ್ನ್‌ನ ಖರ್ಚು ಎರಡನೇ ಬೊಂಬೆಯಲ್ಲೇ ಹಿಂತಿರುಗಿತು.

ಬಿಡುವಿನಹೆಣಿಗೆ

ಮೂರು ದಿನದಿಂದ ಎಲ್ಲರದ್ದೂ ಓದ್ತಾ ಇದ್ದೀನಿ.

ದುಡ್ಡು ತಗೊಳ್ಳಲ್ಲ ಅನ್ನೋ ನನ್ನ ಮಾತು ಬದಲಾಗಿಲ್ಲ. ಆದರೆ ಒಂದು ವಿಷಯ ಇಷ್ಟು ದಿನ ನನಗೆ ಕಂಡಿರಲಿಲ್ಲ. ನನ್ನ ಪ್ಯಾಟರ್ನ್ ಫ್ರೀ ಆಗಿರೋದು ನನಗೆ ಸಂಬಳ ಬರೋದ್ರಿಂದ. ನನ್ನ ಆಫೀಸು ನನಗೇ ಗೊತ್ತಿಲ್ಲದೆ ಆ ಟೋಪಿಗೆ ದುಡ್ಡು ಕೊಟ್ಟಿದೆ. ಅಜ್ಜಿ ಕಲಿಸಿದಾಗಲೂ ಮನೆಗೆ ದುಡಿದು ಹಾಕ್ತಿದ್ದವರು ತಾತ. ಅಜ್ಜಿ ಕೈಯಿಂದಲೇ ಮನೆ ನಡೀಬೇಕಾಗಿದ್ದಿದ್ರೆ ಅವರೂ ದುಡ್ಡು ಕೇಳ್ತಿದ್ರೇನೋ. ಯಾರಿಗ್ಗೊತ್ತು, ನಾನು ಕೇಳಲೇ ಇಲ್ಲ ಅವರನ್ನ.

ನಿನ್ನೆ ರಾತ್ರಿ ಕೂತು ನನ್ನ ಎಲ್ಲ ಪ್ಯಾಟರ್ನ್‌ಗಳ ಮೊದಲ ಪುಟದಲ್ಲಿ ಎರಡು ಸಾಲು ಸೇರಿಸಿದೆ: “ಇದು ಒಂದೇ ಅಳತೆಗೆ ಬರೆದದ್ದು, ಬೇರೆಯವರು ಟೆಸ್ಟ್ ಮಾಡಿಲ್ಲ. ನನಗೆ ಬೇರೆ ಸಂಬಳ ಇರುವುದರಿಂದ ಉಚಿತವಾಗಿ ಹಂಚುತ್ತಿದ್ದೇನೆ. ಇದನ್ನೇ ನಂಬಿ ಬದುಕುವವರ ಪ್ಯಾಟರ್ನ್ ಜೊತೆ ಬೆಲೆ ಹೋಲಿಸಬೇಡಿ.” ಕೆಳಗೆ ಐದು ವಿನ್ಯಾಸಗಾರರ ಹೆಸರು ಹಾಕಿದೀನಿ, ಟೋಪಿ ಮುಗಿಸಿದವರು ಮುಂದೆ ಸ್ವೆಟರ್ ಹಾಕ್ಬೇಕು ಅಂದ್ರೆ ಅವರ ಹತ್ತಿರ ಹೋಗಲಿ ಅಂತ. ನೂಲೆಳೆ, ನಿನ್ನದೇ ಮೊದಲ ಹೆಸರು.

ಉಳಿಬಾಚಿ

ಅಕ್ಕ, ಈ ಎರಡು ಸಾಲನ್ನ ವಿಡಿಯೋ ಮಾಡೋರೂ ಹಾಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು. “ಇದಕ್ಕೆ ನಿಜವಾಗಿ ಹಿಡಿದದ್ದು ಹದಿಮೂರು ದಿನ” ಅಂತ ಒಂದು ಸಾಲು ಸಾಕು.

ತಿಗರಿಮಣ್ಣು

ನಾನು ಹಾಕುತ್ತೇನೆ. ಮುಂದಿನ ವಿಡಿಯೋದಿಂದಲೇ. ಮಣ್ಣು ಹದ ಮಾಡಿದ ದಿನ, ಒಣಗಲು ಬಿಟ್ಟ ದಿನ, ಎರಡು ಸಲ ಸುಟ್ಟ ದಿನ, ಗೂಡಿನಲ್ಲಿ ಒಡೆದವು ಎಷ್ಟು, ಎಲ್ಲ.

ನೂಲೆಳೆ

ಬಿಡುವಿನಹೆಣಿಗೆ ಅಕ್ಕ, ಏನು ಬರೆಯಬೇಕೋ ತಿಳಿಯುತ್ತಿಲ್ಲ. ಆ ಪುಟವನ್ನು ತೆರೆದು ಎರಡು ಸಲ ಓದಿದೆ.

ನನ್ನ ಹದಿನಾಲ್ಕನ್ನು ಏನು ಮಾಡುತ್ತೇನೆ ಅಂತ ಹೇಳಿಬಿಡುತ್ತೇನೆ. ಎಂಟನ್ನು ಹಾಗೇ ಬಿಡುತ್ತೇನೆ: ಟೋಪಿ, ಶಾಲು, ಮೊದಲ ಸಲ ಸೂಜಿ ಹಿಡಿದವರು ಮಾಡುವಂಥವು. ಹೊಸಕೈ ಬರೆದದ್ದು ಓದಿದ ಮೇಲೆ ಅವನ್ನು ತೆಗೆಯಲು ಮನಸ್ಸು ಬರುವುದಿಲ್ಲ. ಅವಕ್ಕೆಲ್ಲ ಷರತ್ತು ಬರೆಯುತ್ತೇನೆ. ಗಂಟುದಾರ ಅವರು ಹೇಳಿದ ಹಾಗೆ ಹೆಸರು ಹೇಳಿ, ಬರಹವನ್ನು ಮಾರಬೇಡಿ, ಮಾಡಿದ ವಸ್ತು ಮಾರಿಕೊಳ್ಳಿ. ನಾಲ್ಕು ಸ್ವೆಟರ್‌ಗಳನ್ನು ಪುಟದಿಂದ ತೆಗೆಯುತ್ತೇನೆ. ಅವು ಮೂರು ಅಳತೆಗೆ ಮಾತ್ರ ಇವೆ, ತಿದ್ದಿಸಿರಲಿಲ್ಲ, ಆಗ ದುಡ್ಡಿರಲಿಲ್ಲ. ಈಗ ಒಂಬತ್ತು ಅಳತೆಗೆ ಬರೆದು, ತಿದ್ದಿಸಿ, ಮಾರಾಟಕ್ಕೆ ಇಡುತ್ತೇನೆ. ಈಗಾಗಲೇ ಇಳಿಸಿಕೊಂಡವರ ಹತ್ತಿರ ಇರುವುದು ಇರಲಿ. ಉಳಿದ ಎರಡರ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ, ಒಂದು ನನ್ನ ಅಮ್ಮ ಹೇಳಿಕೊಟ್ಟ ಅಂಚು. ಅದಕ್ಕೆ ಬೆಲೆ ಹಾಕಲು ಕೈ ಬರುತ್ತಿಲ್ಲ, ಬಹುಶಃ ಹಾಗೇ ಇರುತ್ತದೆ.

ಸಂದೇಶ ಕಳಿಸಿದವರಿಗೂ ಉತ್ತರ ಬರೆದೆ. ಮೇಲೆ ಬರೆದ ಲೆಕ್ಕವನ್ನೇ, 16 ಸ್ಟಿಚ್ 18 ಸ್ಟಿಚ್‌ದು. ಅವರು ತಮ್ಮ ಫ್ರೀ ಸ್ವೆಟರ್ ಅರ್ಧಕ್ಕೇ ನಿಂತಿದೆ, ಭುಜ ಜಾರುತ್ತದೆ ಅಂತ ಫೋಟೋ ಕಳಿಸಿದ್ದಾರೆ. ಬಿಚ್ಚಬೇಡಿ, ಮೊದಲು ಗೇಜ್ (10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಅನ್ನುವುದು) ಅಳೆದು ಕಳಿಸಿ ಅಂದಿದ್ದೇನೆ.

ತಿದ್ದುಗಣ್ಣು ಅವರೇ, ಮೊದಲ ಸ್ವೆಟರ್ ಮುಂದಿನ ತಿಂಗಳು ನಿಮ್ಮ ಮೇಜಿಗೆ ಬರುತ್ತದೆ, ನಿಮ್ಮ ದರ ಹೇಳಿ. ಟೆಸ್ಟರ್‌ಗಳೂ ಬೇಕು. ಈ ಸಲ ಟೆಸ್ಟರ್‌ಗಳಿಗೆ ದಾರದ ಹಣ ನಾನೇ ಕೊಡುತ್ತೇನೆ, ಇಷ್ಟು ವರ್ಷ ಅವರ ಶ್ರಮವನ್ನು ಪುಕ್ಕಟೆ ಪಡೆದಿದ್ದೇನೆ ಎನ್ನುವುದು ಇದನ್ನೆಲ್ಲ ಬರೆಯುವಾಗಲೇ ನನಗೆ ಹೊಳೆದದ್ದು.

ತಿದ್ದುಗಣ್ಣು

ಬರಲಿ. ಬರೆಯುವ ಮೊದಲು ಅಳತೆಯ ಪಟ್ಟಿ ಮಾತ್ರ ಕಳಿಸಿ, ಸ್ಟಿಚ್ ಲೆಕ್ಕ ಆಮೇಲೆ. ಬೆನ್ನಿನ ಅಗಲ, ಕಂಕುಳ ಆಳ ಮೊದಲು ಸರಿ ಮಾಡಿಕೊಳ್ಳೋಣ. 132 ಸೆಂ.ಮೀ. ಎದೆಸುತ್ತಿಗೆ ನಾನೇ ಹಾಕಿ ನೋಡುತ್ತೇನೆ.

ಹೊಸಕೈ

ನಾನು ಇದುವರೆಗೆ ಸ್ವೆಟರ್ ಹಾಕಿಲ್ಲ. ಟೆಸ್ಟರ್ ಆಗಬಹುದಾ?

ನೂಲೆಳೆ

ನೀವೇ ಬೇಕು. ಹೊಸಬರಿಗೆ ಎಲ್ಲಿ ಅರ್ಥವಾಗುವುದಿಲ್ಲ ಅಂತ ಹಳಬರಿಗೆ ಕಾಣುವುದಿಲ್ಲ. ನಿಮ್ಮ ಎದೆಸುತ್ತು, ತೋಳಿನ ಉದ್ದ ಕಳಿಸಿ. ಎಲ್ಲಾದರೂ ಸಂಖ್ಯೆ ಕೂಡದಿದ್ದರೆ ಬಿಚ್ಚುವ ಮೊದಲು ನನಗೆ ಬರೆಯಿರಿ.